ಬದನೆ ಹೂವೂ ಹನ್ನೊಂದು ಗಂಟೆಯ ತೇವವೂ

ಬೊಮ್ಮಸಂದ್ರದ ಒಂದು ಔಷಧ ಕಾರ್ಖಾನೆಯಲ್ಲಿ ಗಾಳಿಯ ತೇವವನ್ನು ಕಾಯುವುದು ನನ್ನ ಕೆಲಸ. ಮಾತ್ರೆ ಒತ್ತುವ ಕೋಣೆಯಲ್ಲಿ ತೇವ ಹೆಚ್ಚಾದರೆ ಮಾತ್ರೆ ಮೆತ್ತಗಾಗುತ್ತದೆ. ಆಗ ಯಂತ್ರ ನಿಲ್ಲಿಸಿ ಎನ್ನುವ ಅಧಿಕಾರ ನನ್ನದು. ಭಗವಂತ ನನಗೆ ಕೊಟ್ಟಿರುವ ಅಧಿಕಾರ ಅದೊಂದೇ.

ಬೇಗೂರಿನ ನಮ್ಮ ಫ್ಲಾಟಿಗೆ ಬಿಸಿಲು ಬರುವುದಿಲ್ಲ. ಎದುರಿನ ಬ್ಲಾಕು ಅದನ್ನು ತಾನೇ ಇಟ್ಟುಕೊಳ್ಳುತ್ತದೆ. ಹೀಗಾಗಿ ನನ್ನ ಹೆಂಡತಿ ಧಾರವಾಡದ ಕಡೆಯ ತವರಿನಿಂದ ಮುಳ್ಳು ಬದನೆಯ ಬೀಜ ತಂದಾಗ, ಸಣ್ಣ ಕೋಣೆಯಲ್ಲಿ ಒಂದು ಗ್ರೋ ಟೆಂಟ್ ನಿಲ್ಲಿಸಬೇಕಾಯಿತು: ಬೀರುವಿನಷ್ಟು ಎತ್ತರದ ಕಪ್ಪು ಡೇರೆ, ಒಳಗೆ ದೀಪ, ನೆತ್ತಿಯಲ್ಲಿ ಫ್ಯಾನು. ಬೀಜ ಅವಳ ತಾಯಿ ಬೂದಿಯಲ್ಲಿ ಕಲಸಿ ಬಟ್ಟೆಯಲ್ಲಿ ಗಂಟು ಕಟ್ಟಿಟ್ಟದ್ದು. ತಾಯಿ ತೀರಿಕೊಂಡಿದ್ದರು. ತಮ್ಮಂದಿರು ಅಂಗಡಿಯ ಬೀಜಕ್ಕೆ ಬದಲಾಗಿದ್ದರು. ಗಂಟಿನಲ್ಲಿದ್ದುದನ್ನೆಲ್ಲ ಬಿತ್ತಿದರೆ ಎದ್ದದ್ದು ಐದು ಸಸಿ. ಅವುಗಳಲ್ಲಿ ಒಂದಾದರೂ ಕಾಯಿ ಕಚ್ಚಿ ಹಣ್ಣಾಗದಿದ್ದರೆ ಆ ತಳಿಯ ಕಥೆ ಮುಗಿದಂತೆ.

ಗಿಡಗಳು ಸೊಗಸಾಗಿ ಬೆಳೆದವು, ಹೂವನ್ನೂ ಬಿಟ್ಟವು. ಬಿಟ್ಟ ಹೂವೆಲ್ಲ ಉದುರಿತು. ತೇವ ಹೆಚ್ಚಾದರೆ ಬದನೆಯ ಪರಾಗ ಅಂಟಿ ಮುದ್ದೆಯಾಗುತ್ತದೆ, ಉದುರಿ ಬೀಳುವುದಿಲ್ಲ, ಕಾಯಿ ಕಚ್ಚುವುದಿಲ್ಲ.

“ಏನ್ರೀ, ಮತ್ತ ಹೂವು ಉದುರ್ಯಾವ ನೋಡ್ರಿ. ಕಾರ್ಖಾನಿಯೊಳಗ ಗುಳಿಗಿ ಕಾಯ್ತೀರಿ, ಮನಿಯೊಳಗ ಐದು ಬದನಿ ಗಿಡ ಕಾಯೂದು ಆಗವಲ್ದೇನು?”

ವೃತ್ತಿಗೌರವದ ಪ್ರಶ್ನೆಯಾದ್ದರಿಂದ ನಾನು ವಿಧಿವತ್ತಾಗಿ ಆರಂಭಿಸಿದೆ. ಸಂಜೆಯ ನೀರನ್ನು ಬೆಳಿಗ್ಗೆಗೆ ಬದಲಾಯಿಸಿದೆ. ಬುಡದ ಎಲೆ ಕಿತ್ತು ಗಾಳಿಗೆ ದಾರಿ ಮಾಡಿದೆ. ಫ್ಯಾನು ಟೆಂಟಿನ ತೇವವನ್ನು ಕೋಣೆಗೇ ಉಗುಳುತ್ತಿತ್ತು. ಕಸ ಗುಡಿಸಿ ಬಾಗಿಲ ಹಿಂದೆ ಕೂಡಿಟ್ಟ ಹಾಗೆ. ಅದಕ್ಕೊಂದು ಕೊಳವೆ ಸಿಕ್ಕಿಸಿ ಕಿಟಕಿಯಿಂದಾಚೆ ಬಿಟ್ಟೆ. ತೇವ ಹೀರುವ ಯಂತ್ರವೊಂದನ್ನು ಕೊಂಡು ಕೋಣೆಯ ಮೂಲೆಯಲ್ಲಿಟ್ಟೆ. ಟೆಂಟಿನೊಳಗೆ ಒಂದು ಮಾಪಕವನ್ನೂ ತೂಗುಹಾಕಿದೆ. ದಿನದ ಅತಿ ಹೆಚ್ಚು ತೇವ ಎಷ್ಟು, ಯಾವ ಗಂಟೆಗೆ ಎಂಬುದನ್ನು ಅದು ನೆನಪಿಟ್ಟುಕೊಳ್ಳುತ್ತದೆ.

ಫಲಿತಾಂಶ ವಿಚಿತ್ರವಾಗಿತ್ತು. ನಾನು ಬೆಳಿಗ್ಗೆ ಬಸ್ಸಿಗೆ ಹೊರಡುವಾಗ ತೇವ ಶೇಕಡಾ ಅರವತ್ತು. ಸಂಜೆ ಬಂದಾಗಲೂ ಅರವತ್ತು. ಆದರೆ ಪ್ರತಿದಿನ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ತೊಂಬತ್ತು ಮುಟ್ಟಿ ಬಂದಿರುತ್ತಿತ್ತು. ಭಾನುವಾರ ಮಾತ್ರ ಇಲ್ಲ. ವಾರದ ರಜೆಯನ್ನು ಪಾಲಿಸುವ ಸಸ್ಯವನ್ನು ನಾನು ಕಂಡಿರಲಿಲ್ಲ. ಒಂದು ತಿಂಗಳು ಪುಸ್ತಕದಲ್ಲಿ ಗೆರೆ ಹೊಡೆದು ಬರೆದೆ. ಹೂವು ಉದುರುತ್ತಲೇ ಇತ್ತು.

ಒಂದು ಬುಧವಾರ ಕಾರ್ಖಾನೆಯಲ್ಲಿ ಕರೆಂಟು ಕೈಕೊಟ್ಟು ನಮ್ಮನ್ನು ಬೇಗ ಬಿಟ್ಟರು. ಹನ್ನೊಂದೂವರೆಗೆ ಮನೆಗೆ ಬಂದು ಕೋಣೆಯ ಬಾಗಿಲು ತೆರೆದೆ. ಟೆಂಟು ಕಾಣಿಸಲಿಲ್ಲ. ಅದರ ಮುಂದೆ ಎರಡು ಸ್ಟ್ಯಾಂಡ್ ತುಂಬ ಒದ್ದೆ ಬಟ್ಟೆ: ಹೊದಿಕೆ, ಟವೆಲು, ನನ್ನ ಕಾರ್ಖಾನೆಯ ದಪ್ಪ ಬಿಳಿ ಕೋಟುಗಳು, ಮತ್ತು ನನಗೆ ಪರಿಚಯವಿಲ್ಲದ ಮೂರು ಜೀನ್ಸ್.

ಎದುರು ಮನೆಯ ಹೆಂಗಸು ಇನ್ನೊಂದು ಬಕೆಟ್ ಹಿಡಿದು ಒಳಗೆ ಬಂದರು. ನಮ್ಮ ಅಪಾರ್ಟ್‌ಮೆಂಟಿನ ಜಾಗದಲ್ಲಿ ಹಿಂದೆ ರಾಗಿ ಬೆಳೆಯುತ್ತಿದ್ದ ಮನೆತನದವರು.

“ಏನ್ ಸಾರ್, ಇವತ್ತು ಬೇಗ ಬಂದ್ಬಿಟ್ರಿ? ಈ ಮಳೇಲಿ ಎಲ್ಲೂ ಬಟ್ಟೆ ಒಣಗಲ್ಲ, ನಿಮ್ಮ ರೂಮಲ್ಲಿ ನೋಡಿ, ಮಧ್ಯಾಹ್ನದೊಳಗೆ ಗರಿಗರಿ. ಸಕ್ಕತ್ ಮಷೀನ್ ಸಾರ್.”

“ಭಾನುವಾರ ಯಾಕೆ ಹಾಕಲ್ಲ?” ಎಂದೆ. ತನಿಖೆ ಪೂರ್ಣವಾಗಬೇಕಲ್ಲ.

ಹಿಂದೆಯೇ ಬಂದ ಹೆಂಡತಿ ಉತ್ತರಿಸಿದಳು. “ಅವತ್ತ ನೀವು ಇಲ್ಲೇ ಪೇಪರ್ ಹಾಸ್ಕೊಂಡು ಕುಂತಿರ್ತೀರಿ. ಸ್ಟ್ಯಾಂಡ್ ನಿಮ್ಮ ತಲಿ ಮ್ಯಾಲೆ ಇಡ್ಲೇನು? ಒಗದ ಅರಬಿ ನೀರು ಮಷೀನ್ ಕುಡಿತೈತಿ, ಗಿಡಕ್ಕ ಏನಾಗತೈತಿ?”

ಫ್ಯಾನು ಹೊರಗೆ ತಳ್ಳಿದಷ್ಟೂ, ಯಂತ್ರ ಕುಡಿಯುವ ಮೊದಲೇ, ಕೋಣೆಯ ಒದ್ದೆ ಗಾಳಿ ಟೆಂಟಿನೊಳಕ್ಕೆ ನುಗ್ಗುತ್ತದೆ ಎಂದು ಹೇಳಿದೆ. ಮಾಪಕ ತೋರಿಸಿದೆ. ಎಂಬತ್ತೊಂಬತ್ತು ಇತ್ತು.

ಅವಳು ಅದನ್ನು ನೋಡಿದಳು, ಕೆಳಗೆ ಬಿದ್ದಿದ್ದ ನೇರಳೆ ಹೂವುಗಳನ್ನು ನೋಡಿದಳು. ಆಮೇಲೆ ಒಂದೊಂದಾಗಿ ಬಟ್ಟೆ ಎತ್ತತೊಡಗಿದಳು.

“ಅಯ್ಯೋ ಅಕ್ಕ, ಗೊತ್ತಿದ್ರೆ ನಾನು ಹಾಕ್ತಾನೇ ಇರ್ಲಿಲ್ಲ ಕಣ್ರೀ,” ಎಂದರು ಎದುರು ಮನೆಯವರು, ಜೀನ್ಸ್ ಎಳೆದುಕೊಳ್ಳುತ್ತ.

“ನಿಮಗ ಹಾಕ್ರಿ ಅಂದಾಕಿ ನಾನ,” ಎಂದಳು ಹೆಂಡತಿ. ಕೋಟುಗಳನ್ನು ಬಕೆಟ್ಟಿಗೆ ತುಂಬುತ್ತ, ನನ್ನ ಕಡೆ ತಿರುಗದೆಯೇ ಕೇಳಿದಳು: “ಮೊಗ್ಗು ಇನ್ನ ಎಷ್ಟು ಅದಾವ?”

ನಾಲ್ಕಿದ್ದವು. ಗಿಡಗಳಿಗೆ ವಯಸ್ಸಾಗಿತ್ತು, ಮತ್ತೆ ಮೊಗ್ಗು ಬರುವ ಲಕ್ಷಣವಿರಲಿಲ್ಲ. ಅವು ಅರಳಿದ ಮೇಲೆ ನಾನು ದಿನಾ ಕೆಲಸಕ್ಕೆ ಹೊರಡುವ ಮುನ್ನ ಹೂವಿನ ತೊಟ್ಟನ್ನು ಬೆರಳಿನಿಂದ ತಟ್ಟುತ್ತಿದ್ದೆ, ಪರಾಗ ಉದುರಲೆಂದು. ಐವತ್ತರ ಮೇಲಿನ ಗಂಡಸು ಶೂ ಹಾಕಿಕೊಂಡು ಮಾಡುವ ಕೆಲಸವಲ್ಲ. ಮೂರು ಹೂವು ಉದುರಿದವು. ನಾಲ್ಕನೆಯದರ ತೊಟ್ಟು ದಪ್ಪಗಾಯಿತು.

ಅದು ಬಲಿತಾಗ ಎದುರು ಮನೆಯವರು ಬಗ್ಗಿ ನೋಡಿ, “ಎಣ್ಣೆಗಾಯಿಗೆ ಹದವಾಗಿದೆ ಅಕ್ಕ,” ಎಂದರು.

“ಮುಟ್ಟಬ್ಯಾಡ್ರಿ,” ಎಂದಳು ಹೆಂಡತಿ.

ಕಾಯಿ ಹಳದಿಯಾಗಿ, ಸುಕ್ಕಾಗಿ, ತಿನ್ನಲು ಯಾರಿಗೂ ಬೇಡವಾದ ದಿನ ಅವಳು ಅದನ್ನು ಕೊಯ್ದು, ತಿರುಳನ್ನು ನೀರಿನ ಬೋಗುಣಿಯಲ್ಲಿ ಹಿಸುಕಿದಳು. ಜೊಳ್ಳು ಬೀಜ ತೇಲಿತು. ಉಳಿದದ್ದು ತಳಕ್ಕೆ ಹೋಗಿ ಕೂತಿತು. ಅವಳು ಕೈ ಅದ್ದಿ ತಳ ಸವರಿದಳು.

“ಗಟ್ಟಿ ಅದಾವ,” ಎಂದಳು.