ಕೇರಾಫ್ ನನ್ನ ಇಮೇಲ್

'ಅಕ್ಕ, ಆಸ್ಪತ್ರೆಯಿಂದ ಬಂತಾ?'

ಕಾಫಿ ಪಿಕ್ಕಿಂಗ್ ಮುಗಿಸಿ ಎಸ್ಟೇಟ್ ಲೈನಿಗೆ, ಅಂದರೆ ಕೂಲಿಯವರ ಸಾಲುಮನೆಗಳಿಗೆ, ಹೋಗುವಾಗ ಸೆಲ್ವಿ ನಮ್ಮ ಅಂಗಡಿ ಮುಂದೆ ನಿಂತು ದಿನವೂ ಕೇಳುತ್ತಿದ್ದ ಮಾತಿದು. ಅವಳ ತಾಯಿಯ ಎರಡೂ ಕಣ್ಣಿಗೆ ಪೊರೆ ಬಂದಿದೆ. ಶನಿವಾರಸಂತೆಯ ಕಣ್ಣಿನ ಶಿಬಿರದಲ್ಲಿ ಹೆಸರು ಬರೆಸಿದ್ದಳು. ಆಪರೇಷನ್ ದಿನವನ್ನು ಮೈಸೂರಿನ ಆಸ್ಪತ್ರೆಯವರು ತಿಳಿಸಬೇಕಿತ್ತು. ಲೈನಿನಲ್ಲಿ ಫೋನಿಗೆ ಸಿಗ್ನಲ್ ಇಲ್ಲ. ಹಾಗಾಗಿ ಫಾರಂನಲ್ಲಿ ನನ್ನ ಇಮೇಲ್ ಕೊಟ್ಟಿದ್ದಳು.

ಅದರಲ್ಲೇನೂ ವಿಶೇಷವಿಲ್ಲ. ಎಸ್ಟೇಟುಗಳ ನಡುವೆ ಚೆದುರಿದ ಮನೆಗಳಿಗೆ ಅಂಚೆ ಬರುವುದು ಇಂದಿಗೂ ಜಂಕ್ಷನ್ನಿನ ಅಂಗಡಿಗೇ, 'ಕೇರಾಫ್' ಎಂದು. ನಮ್ಮದು ಅಂಥ ಅಂಗಡಿ. ಕಾಗದಗಳನ್ನು ಬಿಸ್ಕತ್ತಿನ ಡಬ್ಬದಲ್ಲಿ ಜೋಡಿಸಿಟ್ಟು ಅವರವರು ಬಂದಾಗ ಕೊಡುವುದು ನನ್ನ ಕೆಲಸ. ಯಾರದೆಂದು ತಿಳಿಯದ ಕಾಗದ ಬಂದರೆ 'ಈ ಹೆಸರಿನವರು ಇಲ್ಲಿಲ್ಲ' ಎಂದು ಬರೆದು ವಾಪಸ್ ಕಳಿಸುತ್ತೇನೆ. (ಮಾವನವರ ಕಾಲದ ಪದ್ಧತಿ.) ಈಗ ಇಮೇಲೂ ಹಾಗೇ. ಏಳೆಂಟು ಮನೆಗೆ ನನ್ನದೇ ವಿಳಾಸ.

ಎಡವಿದ್ದು ಅಲ್ಲೇ.

ಕಳೆದ ವರ್ಷ ಸಂತೆಯ ದಿನ ಪಾತ್ರೆ ಅಂಗಡಿಯೊಂದರ ಲಕ್ಕಿ ಡ್ರಾ ಕೂಪನ್ನಿನಲ್ಲಿ ಇಮೇಲ್ ಬರೆದು ಬಂದೆ. (ಕುಕ್ಕರ್ ಬರಲಿಲ್ಲ.) ಬಂದದ್ದು ಬೇಡದ ಇಮೇಲ್‌ಗಳು. ತೂಕ ಇಳಿಸಬೇಕೆ, ಮನೆಯಲ್ಲೇ ಕೆಲಸ ಬೇಕೆ, ವಿದೇಶದಲ್ಲಿ ಯಾರೋ ಬಿಟ್ಟುಹೋದ ಆಸ್ತಿ ಬೇಕೆ? ಪಾಪ, ವಿಳಾಸ ತಪ್ಪಿರಬೇಕು ಎಂದುಕೊಂಡೆ. ಒಂದೊಂದಕ್ಕೂ ಕೂತು ಉತ್ತರಿಸಿದೆ: 'ಇದು ನಮಗೆ ಸೇರಿದ್ದಲ್ಲ, ದಯವಿಟ್ಟು ಕಳಿಸಬೇಡಿ.'

ತಿಂಗಳೊಳಗೆ ಅವು ದುಪ್ಪಟ್ಟಾದವು.

ಕುಶಾಲನಗರದಲ್ಲಿ ಕಾಲೇಜು ಮೇಡಂ ಆಗಿರುವ ತಂಗಿಯ ಮಗಳು ನಂದಿನಿ ಇದನ್ನು ಕೇಳಿ ಹಣೆ ಹಣೆ ಬಡಿದುಕೊಂಡಳು. "ದೊಡ್ಡಮ್ಮ, ಅವ್ರು ಕಣ್ಣು ಮುಚ್ಕೊಂಡು ಊರಿಗೆಲ್ಲ ಎಸೀತಾರೆ. ಇಲ್ಲೊಬ್ರು ಕೂತು ಓದ್ತಾರೆ ಅಂತ ನೀವೇ ಕೂಗಿ ಹೇಳ್ದಂಗಾಯ್ತಲ್ಲ."

ಉತ್ತರ ಬರೆಯಬಾರದು, ಲಿಂಕ್ ಒತ್ತಬಾರದು, ಸ್ಪ್ಯಾಮ್ ಎಂದು ಗುರುತು ಹಾಕಿ ಸುಮ್ಮನಿರಬೇಕು ಎಂದಳು. ಕೂಪನ್ನು, ಆಫರ್ರುಗಳಿಗೆ ಬೇರೆಯೇ ಒಂದು ವಿಳಾಸ ಇರಲಿ ಎಂದಳು. ನಮ್ಮ ಹೆಸರು ಬಿಟ್ಟು ಬರೀ 'ಮಾನ್ಯ ಗ್ರಾಹಕರೇ' ಎಂದು ಶುರು ಮಾಡಿ, ಇವತ್ತೇ ಪಾಸ್‌ವರ್ಡ್ ಕೊಡಿ ಎಂದು ಅವಸರಿಸಿದರೆ ನಂಬಲೇಬೇಡಿ ಎಂದಳು. ಎಲ್ಲವನ್ನೂ ಪಾಲಿಸಿದೆ.

ಇನ್ನೊಂದು ಮಾತೂ ಹೇಳಿದ್ದಳು. ಒಮ್ಮೊಮ್ಮೆ ನಿಜವಾದ ಇಮೇಲ್ ಕೂಡ ಸ್ಪ್ಯಾಮಿಗೆ ಬಿದ್ದುಬಿಡುತ್ತದೆ, ಖಾಲಿ ಮಾಡುವ ಮೊದಲು ಒಂದು ಸಲ ಕಣ್ಣಾಡಿಸಿ ಎಂದು. ಅದನ್ನು ಮಾತ್ರ ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ವಾರಕ್ಕೊಮ್ಮೆ, ಒಲೆಯ ಬೂದಿ ತೆಗೆದಷ್ಟು ನಿಶ್ಚಿಂತೆಯಿಂದ, ಎಲ್ಲವನ್ನೂ ಒಟ್ಟಿಗೆ ಅಳಿಸುತ್ತಿದ್ದೆ. ಸ್ವಚ್ಛವಾಯಿತೆಂಬ ಸಮಾಧಾನ ಬೇರೆ.

ಹೋದ ಸೋಮವಾರ ಸೆಲ್ವಿಯನ್ನು ಕೂರಿಸಿಕೊಂಡು ಆಸ್ಪತ್ರೆಗೆ ಫೋನ್ ಮಾಡಿದೆ. ಇಮೇಲ್ ಕಳಿಸಿ ಮೂರು ವಾರವಾಯಿತಂತೆ. ಹೇಳಿದ ದಿನ ಬಾರದ್ದರಿಂದ ಸರದಿ ಬೇರೆಯವರಿಗೆ ಹೋಯಿತಂತೆ. ಇನ್ನು ಮಳೆಗಾಲ ಕಳೆದ ಮೇಲೆಯೇ.

ಅವಳು ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ಮೊನ್ನೆ ಅಮ್ಮ ಒಲೆಯ ಮೇಲೆ ಇಡುತ್ತಿದ್ದೇನೆ ಅಂದುಕೊಂಡು ಅನ್ನದ ಪಾತ್ರೆಯನ್ನು ಬೆಂಕಿಯ ಪಕ್ಕ ನೆಲಕ್ಕಿಟ್ಟು ಕಾಯುತ್ತಾ ಕೂತಿದ್ದಳೆಂದು, ಯಾರದೋ ಮನೆಯ ಸುದ್ದಿಯಂತೆ ಹೇಳಿದಳು. ಆಮೇಲೆ ಬುಟ್ಟಿ ಎತ್ತಿಕೊಂಡು ಮೆಲ್ಲಗೆ ಕೇಳಿದಳು:

"ಹಂಗಾದ್ರೆ ಬಂದಿತ್ತಾ ಅಕ್ಕ? ಅದ್ರಲ್ಲಿ ಅಮ್ಮನ ಹೆಸ್ರು ಬರ್ದಿದ್ರಾ?"

ಬರೆದಿದ್ದರು. ಮೊದಲ ಸಾಲಿನಲ್ಲೇ. (ಆಸ್ಪತ್ರೆಯವರು ಫೋನಿನಲ್ಲಿ ಓದಿ ಹೇಳಿದರು.)

ಬಿಸ್ಕತ್ತಿನ ಡಬ್ಬದ ಒಂದೇ ಒಂದು ಕಾಗದವನ್ನೂ ಹೆಸರು ಓದದೆ ಎಸೆದವಳಲ್ಲ ನಾನು. ಇದೊಂದನ್ನು ಓದಲು ನನ್ನ ಕಣ್ಣಿಗೇನಾಗಿತ್ತು?