ಹೂವಪ್ಪನ ಬೋರ್ಡು ಕಾದ ಮಲ್ಲಿಕಾ

"ನಾನೇ ಬಂದು ಹೇಳೋ ತನಕ ನನ್ನ ಬೋರ್ಡು ಇಳಿಸ್ಬೇಡ ಕಣಮ್ಮ" ಎಂದು ಹೂವಪ್ಪ ಹೇಳಿ ನಾಲ್ಕು ವರ್ಷವಾಯಿತು. ಸೀತೂರಿನ ತಮ್ಮ ಮನೆಯ ಜಗಲಿಯಲ್ಲಿ ಕೂತು ಹಗ್ಗದ ಸಿಕ್ಕು ಬಿಡಿಸುತ್ತ ಹೇಳಿದ ಮಾತು ಅದು. "ಆಯ್ತು ಹೂವಪ್ಪಣ್ಣ, ನೀವು ಹೇಳದೆ ಇಳಿಸಲ್ಲ" ಎಂದಿದ್ದರು ಮಲ್ಲಿಕಾ.

ಬೋರ್ಡು ಎಂದರೆ ಬಣ್ಣ ಬಳಿದ ತಗಡಲ್ಲ, ಇಂಟರ್‌ನೆಟ್ಟಿನಲ್ಲಿ ಒಂದು ಪುಟ. ಮೇಲೆ ಹೂವಪ್ಪನವರ ಫೋಟೊ. ಅದರ ಕೆಳಗೆ 'ಬಾವಿಗೆ ಬಿದ್ದ ಕೊಡ, ಪಂಪು, ಒಡವೆ ಮುಂತಾದವನ್ನು ತೆಗೆದುಕೊಡಲಾಗುವುದು' ಎಂಬ ಬರಹ. ಅದರ ಕೆಳಗೊಂದು ಮೊಬೈಲ್ ನಂಬರು. ಆ ನಂಬರು ಹೂವಪ್ಪನವರದಲ್ಲ, ಮಲ್ಲಿಕಾ ಅವರದು.

ಡಿಸೆಂಬರಿನ ಬೆಳಗು. ಕೊಪ್ಪದಿಂದ ಹೊರಟ ಮೊದಲ ಬಸ್ಸು ಮಲ್ಲಿಕಾ ಅವರನ್ನು ಶೃಂಗೇರಿಯಲ್ಲಿ ಇಳಿಸಿ ಹೋಗಿದೆ. ಮಂಜು ಎಷ್ಟು ದಟ್ಟವಾಗಿದೆಯೆಂದರೆ ಷಟರ್ ಎತ್ತುವ ಸದ್ದು ಕೇಳಿದ ಮೇಲೇ ಅಲ್ಲೊಂದು ಅಂಗಡಿ ಇದೆಯೆಂದು ಗೊತ್ತಾಗುವುದು. ಛತ್ರಿ, ಟಾರ್ಚು ರಿಪೇರಿ ಮಾಡುವ ವಾಸಪ್ಪ ದೀಪ ಹಚ್ಚಿ ಊದುಬತ್ತಿ ಸಿಕ್ಕಿಸುತ್ತಿದ್ದಾರೆ. ಅಂಥದೇ ಪುಟಕ್ಕೆಂದು ಮಲ್ಲಿಕಾ ಬ್ಯಾಗಿನಿಂದ ಕ್ಯಾಮೆರಾ ತೆಗೆದ ಕೂಡಲೇ ಅವರು ಕೈ ಅಡ್ಡ ಹಿಡಿಯುತ್ತಾರೆ.

"ಬೋಣಿ ಆಗ್ದೆ ಫೋಟೊ ಬೇಡ ಮಾರಾಯ್ತಿ. ಖಾಲಿ ಗಲ್ಲಾಪೆಟ್ಟಿಗೆ ಮುಂದೆ ಕೂತಿರೋ ಮುಖ ಲೋಕಕ್ಕೆಲ್ಲ ಎಂತಕ್ಕೆ ತೋರ್ಸೋದು?"

"ಹಂಗಾರೆ ಒಂದು ಬೆಂಕಿಪೆಟ್ಟಿಗೆ ಕೊಡಿ."

"ನಂದು ರಿಪೇರಿ ಅಂಗಡಿ."

"ಟಾರ್ಚಿನ ಸೆಲ್ಲಾದ್ರೂ ಕೊಡಿ ಮತ್ತೆ. ಬೋಣಿ ನಾನೇ ಮಾಡ್ತೀನಿ."

ಹೀಗೆ ದಿನಾ ಯಾರದೋ ಅಂಗಡಿಯ ಬೋಣಿ ಮಲ್ಲಿಕಾ ಅವರದೇ. ಬೇಡದ ಸೆಲ್ಲು, ದೀಪದ ಬತ್ತಿ, ಸೂಜಿ, ಗುಂಡಿಗಳಿಂದ ಅವರ ಮನೆಯ ಕಪಾಟು ತುಂಬಿದೆ. "ನಮ್ಮನೆಯವ್ರು ಕೇಳ್ತಾರೆ, ಬೆಂಕಿಪೆಟ್ಟಿಗೆ ಇಷ್ಟೊಂದು ಎಂತಕ್ಕೆ, ಊರಿಗೆ ಬೆಂಕಿ ಇಡ್ತೀಯ ಅಂತ" ಎಂದು ನಗುತ್ತಾರೆ. ಗಂಡ ಲಕ್ಷ್ಮೀಶ ತೋಟವೊಂದರ ಜೀಪು ಓಡಿಸುತ್ತಾರೆ. ಮಗಳು ಮೂರನೇ ಕ್ಲಾಸು. ಅವಳ ಡಬ್ಬಿಗೆ ಅನ್ನ ಕಲಸಿಟ್ಟು, ನಿದ್ದೆಗಣ್ಣಿನ ಅವಳಿಗೆ ಒಂದು ಜಡೆ ಮಾತ್ರ ಹೆಣೆದು, ಇನ್ನೊಂದನ್ನು ಅಪ್ಪನಿಗೆ ಬಿಟ್ಟು ಬಂದಿದ್ದಾರೆ. ಎರಡು ಜಡೆ ಒಂದೇ ಸಮ ಇರುವುದಿಲ್ಲ ಎಂದು ಶಾಲೆಯಲ್ಲಿ ದೂರು ಇದೆಯಂತೆ.

ಫೋಟೊ ತೆಗೆಯುವಷ್ಟರಲ್ಲಿ ಮೊಬೈಲ್ ಬಡಿದುಕೊಳ್ಳುತ್ತದೆ. ಮಲ್ಲಿಕಾ ಎತ್ತುವುದಿಲ್ಲ. ಸದ್ದು ನಿಲ್ಲುತ್ತದೆ, ಮತ್ತೆ ಶುರುವಾಗುತ್ತದೆ. ಆಗ ಎತ್ತುತ್ತಾರೆ. ಯಾರೋ ಯಾತ್ರಿಕರು, ರೂಮು ಬೇಕಂತೆ. ಮಲ್ಲಿಕಾ ಅವರ ಮುಖ ಸಡಿಲವಾಗುತ್ತದೆ.

"ಮೊದಲ್ನೇ ಕೂಗಿಗೆ ಓಗೊಡಬಾರ್ದು, ದೆವ್ವ ಒಂದೇ ಸಲ ಕೂಗೋದು ಅಂತ ನಮ್ಮಜ್ಜಿ ಹೇಳ್ತಿತ್ತು. ಆಗ ನಗ್ತಿದ್ದೆ" ಎನ್ನುತ್ತಾರೆ.

ಕೊಪ್ಪದ ಹತ್ತಿರದ ಎಸ್ಟೇಟಿನ ಕೂಲಿ ಲೈನಿನ ಮನೆಯಲ್ಲಿ ಹುಟ್ಟಿದವರು ಮಲ್ಲಿಕಾ. ಪಿಯುಸಿ ಮುಗಿಸಿ, ಟೈಪಿಂಗ್ ಕಲಿತು, ಬಸ್‌ಸ್ಟ್ಯಾಂಡಿನ ಹಿಂದಿರುವ ರಾಜಶೇಖರ್ ಅವರ ಸೈಬರ್ ಸೆಂಟರಿಗೆ ಕೆಲಸಕ್ಕೆ ಸೇರಿದರು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಮೂರೂ ಕಡೆಯ ಸಣ್ಣ ಅಂಗಡಿಗಳಿಗೆ ಒಂದು ವೆಬ್‌ಸೈಟು ಮಾಡೋಣ ಎಂದು ರಾಜಶೇಖರ್‌ಗೆ ಹೊಳೆದದ್ದು ೨೦೦೫ರಲ್ಲಿ. 'ಮೂರೂರ ಪೇಟೆ' ಎಂದು ಹೆಸರಿಟ್ಟು ಕಂಪ್ಯೂಟರಿನ ಕೆಲಸ ಮುಗಿಸಿ ಅವರು ಕೈ ತೊಳೆದುಕೊಂಡರು. ಊರೂರು ಅಲೆದು, ಇಂಟರ್‌ನೆಟ್ ಕಾಣದವರಿಗೆ ಇಂಟರ್‌ನೆಟ್ಟಿನ ಜಾಹೀರಾತು ಎಂದರೇನೆಂದು ಹೇಳಿ ಒಪ್ಪಿಸುವ ಕೆಲಸ ಮಲ್ಲಿಕಾ ಅವರ ಪಾಲಿಗೆ ಬಂತು.

ಒಪ್ಪಿದವರಲ್ಲಿ ಹೆಚ್ಚಿನವರ ಹತ್ತಿರ ಮೊಬೈಲ್ ಇರಲಿಲ್ಲ. ಇದ್ದ ಫೋನುಗಳೂ ಮರ ಬಿದ್ದರೆ ವಾರಗಟ್ಟಲೆ ಸತ್ತು ಮಲಗುತ್ತಿದ್ದವು. ಹಾಗಾಗಿ ಎಲ್ಲರ ಪುಟದಲ್ಲೂ ಮಲ್ಲಿಕಾ ತಮ್ಮ ನಂಬರೇ ಹಾಕಿದರು. ಗಿರಾಕಿ ಇವರಿಗೆ ಫೋನು ಮಾಡುವುದು, ಇವರು ಆ ಸುದ್ದಿಯನ್ನು ಬಸ್ಸಿನ ಕಂಡಕ್ಟರ್ ಕೈಲೋ ಹಾಲಿನ ಡೇರಿಯವರ ಕೈಲೋ ಅಂಗಡಿಗೆ ಮುಟ್ಟಿಸುವುದು. ಈಗಲೂ ನಲವತ್ತಕ್ಕೂ ಹೆಚ್ಚು ಅಂಗಡಿಗಳಿಗೆ ಇವರೊಬ್ಬರೇ ಬಾಯಿ, ಇವರೊಬ್ಬರೇ ಕಿವಿ. "ಜೇನು ಬೇಕು ಅಂದ್ರೂ ನಾನೇ, ಬ್ಯಾಂಡ್‌ಸೆಟ್ ಬೇಕು ಅಂದ್ರೂ ನಾನೇ. ಯಾರಿಗೆ ಯಾವ ದನಿ ಅಂತ ಮರ್ತೇ ಹೋಗತ್ತೆ."

ಅಂಗಡಿಯವರ ಮಟ್ಟಿಗೆ ಆ ಪುಟ ಎಂದರೆ ಬೋರ್ಡೇ. ಆಯುಧಪೂಜೆಯ ದಿನ ಅವರೆಲ್ಲ ಸೈಬರ್ ಸೆಂಟರಿಗೆ ಬರುತ್ತಾರೆ. ತಂತಮ್ಮ ಪುಟ ತೆರೆಸಿ, ಪರದೆಯ ಮೇಲೆ ತಮ್ಮ ಅಂಗಡಿ ಮೂಡುತ್ತಿದ್ದಂತೆ ಅದಕ್ಕೆ ಕುಂಕುಮ ಹಚ್ಚಿ ಕೈ ಮುಗಿಯುತ್ತಾರೆ. ಸಂಜೆ ಹೊತ್ತಿಗೆ ಪರದೆ ಪೂರಾ ಕೆಂಪು. ರಾಜಶೇಖರ್ ಬಟ್ಟೆ ಹಿಡಿದು ಒರೆಸುತ್ತ ಗೊಣಗುತ್ತಾರೆ: "ಇದು ಕಂಪ್ಯೂಟರೋ, ಚೌಡಿ ಕಲ್ಲೋ?"

ಹೂವಪ್ಪನವರೂ ಹಾಗೇ ಬಂದು ಕುಂಕುಮ ಹಚ್ಚಿದವರು. ಅವರ ಹತ್ತಿರ ಪಾತಾಳಗರುಡ ಇತ್ತು. ಸುತ್ತಲೂ ಕೊಕ್ಕೆಗಳಿರುವ ಕಬ್ಬಿಣದ ಗೊಂಚಲು ಅದು. ಅದನ್ನು ಹಗ್ಗಕ್ಕೆ ಕಟ್ಟಿ ಬಾವಿಗೆ ಬಿಟ್ಟು, ಕಣ್ಣು ಮುಚ್ಚಿ, ಹಗ್ಗ ನಡುಗುವುದರಲ್ಲೇ ತಳದಲ್ಲಿ ಏನಿದೆಯೆಂದು ಹೇಳುತ್ತಿದ್ದರು. ಅದಕ್ಕೆ ಸಿಗದಿದ್ದರೆ ತಾವೇ ಇಳಿಯುತ್ತಿದ್ದರು. ಪೇಟೆಯ ಕಾಲೇಜಿಗೆ ಬರುವ ಹುಡುಗರು ಸೈಬರಿನಲ್ಲಿ ಅವರ ಪುಟ ನೋಡಿ ಮನೆಯಲ್ಲಿ ಹೇಳಿ, ಮೂರೂ ತಾಲ್ಲೂಕಿನಿಂದ ಕರೆ ಬರತೊಡಗಿತ್ತು.

೨೦೦೬ರ ಮಳೆಗಾಲ ಮುಗಿದ ಮೇಲೆ ಬಂದ ಒಂದು ಕರೆ ಮಲ್ಲಿಕಾ ಅವರ ಕಿವಿಯಲ್ಲಿ ಇಂದಿಗೂ ಇದೆ. ಗಂಡಸಿನ ದನಿ. ಪಾಳುಬಿದ್ದ ಒಂದು ತೋಟದ ಹೆಸರು ಹೇಳಿ, ಅಲ್ಲಿನ ಬಾವಿಗೆ ಪಂಪು ಬಿದ್ದಿದೆ, ಹೂವಪ್ಪ ಬರಲಿ ಎಂದಿತು. ಮಲ್ಲಿಕಾ ಕಂಡಕ್ಟರ್ ಕೈಲಿ ಸುದ್ದಿ ಕಳಿಸಿದರು. ಹೂವಪ್ಪ ಮಾರನೇ ದಿನ ಹೋದರು. ವಾಪಸು ಬರಲಿಲ್ಲ.

ಹುಡುಕಿ ಹೋದವರಿಗೆ ಕಂಡದ್ದು ಮರಕ್ಕೆ ಬಿಗಿದು ಬಾವಿಗೆ ಇಳಿಬಿಟ್ಟ ಹಗ್ಗ, ಕಟ್ಟೆಯ ಮೇಲೆ ಮಡಚಿಟ್ಟ ಅಂಗಿ. ನೀರು ಖಾಲಿ ಮಾಡಿಸಿದರು. ತಳದಲ್ಲಿ ಕೆಸರು ಬಿಟ್ಟರೆ ಏನೂ ಇರಲಿಲ್ಲ. ಹೂವಪ್ಪ ಇಲ್ಲ, ಪಾತಾಳಗರುಡ ಇಲ್ಲ, ಪಂಪೂ ಇಲ್ಲ. ತೋಟದ ಯಜಮಾನರು, ನಾವು ಯಾರನ್ನೂ ಕರೆಸಿಲ್ಲ, ಆ ಬಾವಿಗೆ ಪಂಪು ಕೂರಿಸಿದ್ದೇ ಇಲ್ಲ ಎಂದರು. ಕರೆ ಬಂದ ನಂಬರಿಗೆ ಮಲ್ಲಿಕಾ ಎಷ್ಟು ಸಲ ಮಾಡಿದರೂ ಅಂಥ ನಂಬರೇ ಇಲ್ಲ ಎಂಬ ಉತ್ತರ.

"ನನ್ನ ಫೋನಿಂದ ಹೋದ್ರು ಅವ್ರು" ಎನ್ನುತ್ತಾರೆ ಮಲ್ಲಿಕಾ.

ಆ ವರ್ಷ ಕಳೆದು ಬೇಸಿಗೆ ಬರುವ ಹೊತ್ತಿಗೆ ಅಡ್ಡಗದ್ದೆಯಿಂದ ಒಬ್ಬ ಟೀಚರ್ ಫೋನು ಮಾಡಿದರು. ಕುತ್ತಿಗೆಯ ಸರ ಬಾವಿಗೆ ಬಿದ್ದಿತ್ತು. ಹೂವಪ್ಪ ಈಗ ಇಲ್ಲ, ಬರಲಿಕ್ಕಾಗುವುದಿಲ್ಲ ಎಂದು ಮಲ್ಲಿಕಾ ಹೇಳಿದರು. ಮರುದಿನ ಬೆಳಿಗ್ಗೆ ಅದೇ ಟೀಚರ್.

"ಬರಲ್ಲ ಅಂದ್ರಲ್ರೀ, ಬಂದಿದ್ದಾರಲ್ಲ! ಸರ ಬಾವಿಕಟ್ಟೆ ಮೇಲಿದೆ. ಕೂಲಿನೂ ಇಸ್ಕೊಳ್ಳಿಲ್ಲ, ಒಂದು ಲೋಟ ಕಾಫಿನೂ ಕುಡೀಲಿಲ್ಲ. ಬಂದು ಇಸ್ಕೊಂಡು ಹೋಗ್ಲಿಕ್ಕೆ ಹೇಳಿ."

ಆಮೇಲೆ ಇಂಥವೇ ಬಂದವು, ತಿಂಗಳಿಗೊಂದು, ಕೆಲವೊಮ್ಮೆ ಎರಡು. ಹೂವಪ್ಪ ಇಲ್ಲ ಎಂದೇ ಮಲ್ಲಿಕಾ ಎಲ್ಲರಿಗೂ ಹೇಳುತ್ತಾರೆ. ಎಲ್ಲರ ಮನೆಯಲ್ಲೂ ಬೆಳಗಾಗುವಷ್ಟರಲ್ಲಿ ಬಿದ್ದ ವಸ್ತು ಕಟ್ಟೆಯ ಮೇಲೆ ಒದ್ದೆಯಾಗಿ ಕೂತಿರುತ್ತದೆ. "ನಾನು ಹೇಳ್ಬೇಕು ಅಂತಿಲ್ಲ. ಅವ್ರ ಹೆಸರು ಹಿಡ್ದು ಯಾರಾದ್ರೂ ಕರೆದ್ರೆ ಸಾಕು."

ರಾಜಶೇಖರ್ ಪುಟದ ಮೇಲೆ 'ಸದ್ಯ ಲಭ್ಯವಿಲ್ಲ' ಎಂದು ಬರೆಸಿ ನೋಡಿದರು. ಕರೆ ನಿಲ್ಲಲಿಲ್ಲ. "ಬೇರೆ ಯಾವನೋ ಗರುಡ ಹಿಡ್ಕೊಂಡು ತಿರುಗ್ತಾ ಇರ್ಬೇಕು, ಅಷ್ಟೇ" ಎನ್ನುವುದು ಅವರ ವಾದ. ಕೂಲಿ ಬಿಟ್ಟು ಹೋಗುವ ಕೆಲಸಗಾರ ಯಾರು ಎಂದು ಮಲ್ಲಿಕಾ ಕೇಳಿದರೆ ಅವರು ಪರದೆಯ ಕಡೆ ತಿರುಗುತ್ತಾರೆ.

ಪ್ರತಿ ಸಲವೂ ಆ ಸುದ್ದಿಯನ್ನು ಮಲ್ಲಿಕಾ ಸೀತೂರಿಗೆ ಹೋಗಿ ಮುಟ್ಟಿಸುತ್ತಾರೆ. ಹೂವಪ್ಪನವರ ಹೆಂಡತಿ ಗುಡ್ಡಮ್ಮ ಕುಂಕುಮ, ಬಳೆ ತೆಗೆದಿಲ್ಲ. "ಕೂಲಿ ಇಸ್ಕಳ್ದೆ ಬಂದ್ರಾ? ಅದೇ ಚಾಳಿ ನೋಡು! ಕೇಳಕ್ಕೆ ನಾಚ್ಕೆ" ಎಂದು ಬೈಯುವಾಗ ಅವರ ಮುಖ ಅರಳಿರುತ್ತದೆ. ಹೂವಪ್ಪನವರ ತಮ್ಮ ಭೈರಪ್ಪನವರಿಗೆ ಮಾತ್ರ ಇದನ್ನು ಸಹಿಸಲಾಗದು. ಹಿರಿಯರಿಗೆ ಎಡೆ ಇಡುವ ದಿನ ಅಣ್ಣನ ಹೆಸರಿಗೆ ಎಲೆ ಹಾಕಲು ಅತ್ತಿಗೆ ಬಿಡುವುದಿಲ್ಲ.

"ಬೋರ್ಡು ಇರೋ ತನಕ ಅವ್ನು ಎಲ್ಲಿ ಹೋತಾನೆ? ಕರೆದಲ್ಲಿಗೆ ಹೋಗ್ಬೇಕಲ್ಲ! ಸತ್ ಮೇಲೂ ದುಡಿಸ್ತಾ ಇದೀರಿ ನೀವಿಬ್ರು ಹೆಂಗಸ್ರು" ಎಂದು ಅವರು ಒಮ್ಮೆ ಸೈಬರ್ ಸೆಂಟರಿಗೇ ಬಂದು ಕೂಗಾಡಿದ್ದರು. ಮಾತು ಕೊಟ್ಟಿದ್ದೇನೆ, ಅವರೇ ಹೇಳಬೇಕು ಎಂದು ಮಲ್ಲಿಕಾ ತಲೆ ತಗ್ಗಿಸಿ ನಿಂತಿದ್ದರು. ಅಳಿಸಿದರೆ ಗುಡ್ಡಮ್ಮನಿಗೆ ಗಂಡನ ಸುದ್ದಿ ಬರುವ ದಾರಿ ಮುಚ್ಚುತ್ತದೆ. ಉಳಿಸಿದರೆ ಭೈರಪ್ಪನವರ ಮಾತು ಎದೆಯಲ್ಲಿ ಕೂರುತ್ತದೆ.

ಹಿರೇಕೊಡಿಗೆಯ ಕಲ್ಲಮ್ಮ ಎಂಬ ಅಜ್ಜಿ ಮೊನ್ನೆ ಸೋಮವಾರ ಫೋನು ಮಾಡಿದರು. ಬಾವಿಗೆ ಬಿದ್ದಿದ್ದ ಅವರ ಹಿತ್ತಾಳೆ ಕೊಡ ಸಿಕ್ಕಿತ್ತು. ಆದರೆ ಇಷ್ಟು ದಿನ ಯಾರಿಗೂ ಆಗದ್ದು ಅವರಿಗೆ ಆಗಿತ್ತು. ಬೆಳಕು ಹರಿಯುವ ಹೊತ್ತಿಗೆ ಒಲೆಗೆ ಬೆಂಕಿ ಮಾಡುತ್ತಿದ್ದಾಗ ಹಿತ್ತಲಿನಲ್ಲಿ ರಾಟೆ ತಿರುಗುವುದು ಕೇಳಿ, ಯಾರದು ಎಂದು ಒಳಗಿನಿಂದಲೇ ಕೂಗಿದರಂತೆ.

"ಇನ್ನೂ ಎಷ್ಟ್ ಇದಾವಮ್ಮಾ ಅಂತ ಕೇಳ್ತು. ಪಾಪ, ಸುಸ್ತಾದ ದನಿ. ನಮ್ಮನೇಲಿ ಇದೊಂದೇ ಬಾವಿ ಕಣಪ್ಪ ಅಂದೆ. ರಾಟೆ ನಿಂತ್ಹೋಯ್ತು. ಬಂದ್ ನೋಡಿದ್ರೆ ಕೊಡ ಅದೆ, ಜನ ಇಲ್ಲ. ಅಲ್ಲ ಮಗ, ಅಷ್ಟ್ ದಣಿದವ್ರನ್ನ ಎಂತಕ್ಕೆ ಕಳಿಸ್ತೀರಿ?"

ಮಲ್ಲಿಕಾ ಅಂದೇ ಸೀತೂರಿಗೆ ಹೋಗಿ ಇದನ್ನೂ ಹೇಳಿದರು. ಗುಡ್ಡಮ್ಮ ಈ ಸಲ ಬೈಯಲಿಲ್ಲ, ನಗಲಿಲ್ಲ. ಒಲೆಯ ಮುಂದಿನಿಂದ ಎದ್ದು, ಹೊರಗೆ ಹೋಗಿ, ತಮ್ಮ ಮನೆಯ ಬಾವಿಗೆ ಹಲಗೆ ಮುಚ್ಚಿ ಬಂದರು.

ಬುಧವಾರ ಅವರು ಕೊಪ್ಪಕ್ಕೆ ಬಂದಿದ್ದಾರೆ. ಗಂಡನ ಬೋರ್ಡನ್ನು ಅವರು ಕಣ್ಣಾರೆ ನೋಡಿದ್ದೇ ಇಲ್ಲ. ರಾಜಶೇಖರ್ ಸದ್ದಿಲ್ಲದೆ ಕುರ್ಚಿ ಎಳೆದು ಕೊಡುತ್ತಾರೆ. ಪುಟ ಮೇಲಿನಿಂದ ಕೆಳಗೆ ನಿಧಾನವಾಗಿ ಮೂಡುತ್ತದೆ. ಮೊದಲು ತಲೆಗೂದಲು, ಆಮೇಲೆ ಕಣ್ಣು, ಆಮೇಲೆ ಹೆಗಲ ಮೇಲಿನ ಹಗ್ಗ. ಗುಡ್ಡಮ್ಮ ಬಹಳ ಹೊತ್ತು ನೋಡುತ್ತಾರೆ.

"ಮೇಲಿನ ಗುಂಡಿ ಹಾಕ್ಕಂಡಿಲ್ಲ ನೋಡು. ಫೋಟೊಕ್ಕೆ ನಿಂತಾಗ್ಲಾದ್ರೂ ಹಾಕ್ಕಳ್ಳಕ್ಕೆ ಏನಾಗಿತ್ತು? ನೀನಾದ್ರೂ ಹೇಳ್ಬಾರ್ದಾ ಮಗ?"

"ಹೇಳಿದ್ದೆ ಗುಡ್ಡಮ್ಮಕ್ಕ. ಸೆಕೆ ಅಂದ್ರು."

ಗುಡ್ಡಮ್ಮ ಸೆರಗಿನಿಂದ ಪರದೆ ಒರೆಸುತ್ತಾರೆ. ಮತ್ತೆ ಹೇಳುತ್ತಾರೆ: "ಇಳ್ಸು."

"ಅವ್ರೇ ಬಂದು ಹೇಳ್ಬೇಕು ಅಂತ ಮಾತಾಗಿತ್ತು."

"ಅವ್ರು ಹೇಳಲ್ಲ. ಕೆಲ್ಸ ಸಾಕು ಅಂತ ಯಾವತ್ತು ಬಾಯ್ಬಿಟ್ಟು ಹೇಳಿದ್ರು ಅವ್ರು? ಎಷ್ಟ್ ಇದಾವೆ ಅಂತ ಕೇಳಿದಾರಲ್ಲ, ಅದೇ ಹೆಚ್ಚು. ಇಷ್ಟ್ ವರ್ಷದಲ್ಲಿ ನನ್ನತ್ರನೂ ಹಂಗೆ ಕೇಳ್ದವ್ರಲ್ಲ. ಇಳ್ಸು ಮಗ, ಮಲಕ್ಕಳ್ಳಿ."

ಮಲ್ಲಿಕಾ ಅವರ ಕೈ ಇಲಿಯ ಮೇಲಿದೆ, ಅಂದರೆ ಕಂಪ್ಯೂಟರಿನ ಮೌಸಿನ ಮೇಲೆ. ಮಗಳು ಹಾಗೆ ಕರೆದು ಇವರಿಗೂ ರೂಢಿ. ಮೊಬೈಲ್ ಬಡಿದುಕೊಳ್ಳುತ್ತದೆ. ಮೂವರೂ ಅದನ್ನೇ ನೋಡುತ್ತಾರೆ. ಯಾರೂ ಎತ್ತುವುದಿಲ್ಲ. ಅದು ನಿಲ್ಲುತ್ತದೆ, ಎರಡನೇ ಸಲ ಬಡಿದುಕೊಳ್ಳುವುದಿಲ್ಲ.

ನಿಮಗೆ ಏನು ಆಸೆ ಎಂದು ಕೇಳಿದರೆ ಮಲ್ಲಿಕಾ ದೊಡ್ಡದೇನನ್ನೂ ಹೇಳುವುದಿಲ್ಲ. "ಒಬ್ಬೊಬ್ಬರ ಬೋರ್ಡಿಗೂ ಅವ್ರವ್ರ ನಂಬರೇ ಹಾಕ್ಬೇಕು. ಈಗ ಎಲ್ರೂ ಮೊಬೈಲ್ ತಗೊಳ್ತಿದಾರಲ್ಲ. ಇನ್ನೊಬ್ರನ್ನ ಕರೆದು ಕಳಿಸೋ ಕೆಲ್ಸ ನನ್ನ ಕೈಲಿ ಬೇಡ."

ಆ ಬುಧವಾರ ಮಧ್ಯಾಹ್ನ ಮಲ್ಲಿಕಾ ಹೂವಪ್ಪನವರ ಪುಟವನ್ನು ಅಳಿಸಿದರು. ಹೂವಪ್ಪ ಬಂದು ಹೇಳಿರಲಿಲ್ಲ. ಕೊಟ್ಟ ಮಾತು ಮುರಿಯಿತು.