ಮೀನಿಗೆ ಹಲ್ಲುಪುಡಿ

ನಗು ಬಂದರೆ ನನ್ನ ಕೈ ನನ್ನನ್ನು ಕೇಳದೆಯೇ ಬಾಯಿಗೆ ಹೋಗುತ್ತದೆ. ನೋಡಿದವರು ಹಳೇ ಕಾಲದ ಹೆಂಗಸಿನ ಮರ್ಯಾದೆ ಎಂದುಕೊಳ್ಳುತ್ತಾರೆ. ಮರ್ಯಾದೆಯೂ ಇಲ್ಲ, ಮಣ್ಣೂ ಇಲ್ಲ, ವಿಷಯ ಹಲ್ಲಿನದು. ನಾನು ಹುಟ್ಟಿ ಬೆಳೆದದ್ದು ಪಾವಗಡದ ಕಡೆ ಬಲಸಮುದ್ರದಲ್ಲಿ. ಅಲ್ಲಿನ ಬಾವಿನೀರು ಕುಡಿದು ಬೆಳೆದವರ ಹಲ್ಲು ಕಂದು. ಊರಿನಲ್ಲಿದ್ದಷ್ಟು ಕಾಲ ಅದೊಂದು ಸಂಗತಿ ಎಂದೇ ನನಗೆ ತಿಳಿದಿರಲಿಲ್ಲ, ಎಲ್ಲರ ಬಾಯಿಯೂ ಒಂದೇ ಬಣ್ಣ. ಮದುವೆಯಾಗಿ ಶಿರಾಕ್ಕೆ ಬಂದ ಮೇಲೆ, ಅಕ್ಕಪಕ್ಕದ ಹೆಂಗಸರು ನಕ್ಕಾಗ ಬೆಳ್ಳಗೆ ಕಂಡಿತು ನೋಡಿ, ಸೆರಗು ಯಾತಕ್ಕೆ ಇದೆಯೆಂದು ಆಗ ಗೊತ್ತಾಯಿತು.

ನನ್ನ ಯಜಮಾನರು ಪುರವರದವರು, ಶಿರಾದ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟರು. ಬೀಡಿಯಿಲ್ಲ, ಇಸ್ಪೀಟಿಲ್ಲ, ಇದ್ದದ್ದು ಮೀನಿನ ಹುಚ್ಚು. ಕಬ್ಬಿಣದ ಚೌಕಟ್ಟಿಗೆ ಗಾಜು ಕೂರಿಸಿ, ಸಂದಿಗೆ ಅರಗು ಮೆತ್ತಿ, ನಡುಮನೆಯಲ್ಲಿ ಒಂದು ತೊಟ್ಟಿ ಇಟ್ಟಿದ್ದರು. ರಾಮೇಶ್ವರಕ್ಕೆ ಹೋಗಿ ಬಂದವರು ಯಾರೋ ಕೊಟ್ಟ ಬಿಳಿಯ ಹವಳದ ಗಡ್ಡೆಯನ್ನು ಅದರಲ್ಲಿ ಮುಳುಗಿಸಿ, ನಾಲ್ಕು ಬಣ್ಣದ ಮೀನು ಬಿಟ್ಟು, ಇಡೀ ಏರ್ಪಾಟಿಗೆ ‘ಸಮುದ್ರ’ ಎಂದು ಹೆಸರಿಟ್ಟಿದ್ದರು. ಪಕ್ಕದ ಮನೆಯ ಖಾಲಾ ಬಂದು ನೋಡಿ, “ಇಷ್ಟ್ ಸಣ್ದು ಸಾರಿಗೆ ಸಾಲಲ್ಲ ಬೇಟಿ” ಎಂದು ಮರುಗಿ ಹೋದರು. ಆ ಹೆಸರಿಗೆ ನಾನಂತೂ ನಗುವಂತಿರಲಿಲ್ಲ. ನಮ್ಮ ಸೀಮೆಯಲ್ಲಿ ಯಾರು ಕೆರೆ ಕಟ್ಟಿಸಿದರೂ ಅದು ಸಮುದ್ರವೇ. ಕಾಣದ ಕಡಲನ್ನು ಎಷ್ಟು ಚಿಕ್ಕದಾಗಿ ಬೇಕಾದರೂ ಮಾಡಿಕೊಳ್ಳಬಹುದು. ಬೇಸಗೆಯಲ್ಲಿ ನಮ್ಮೂರ ಸಮುದ್ರದ ನಡುವೆ ದನ ಮಲಗಿರುತ್ತಿದ್ದವು. ಯಜಮಾನರ ಸಮುದ್ರದಲ್ಲಿ ನೀರಾದರೂ ಇತ್ತು.

ಆ ನೀರು ಬರಬರುತ್ತಾ ಟೀ ಬಣ್ಣಕ್ಕೆ ತಿರುಗುತ್ತಿತ್ತು. ಅದಕ್ಕೆ ಮದ್ದು ಇದ್ದಿಲು. ತಳಕ್ಕೆ ತೂತು ಹೊಡೆದ ಡಬ್ಬಿಯಲ್ಲಿ ಹತ್ತಿ, ಮರಳು, ಅದರ ಮೇಲೆ ತೊಳೆದ ಕರಟದ ಇದ್ದಿಲಿನ ಚೂರು. ಬೆಳಿಗ್ಗೆ ತೊಟ್ಟಿಯ ನೀರನ್ನೇ ಚೊಂಬಿನಲ್ಲಿ ಮೊಗೆದು ಮೇಲಿನಿಂದ ಹೊಯ್ದರೆ ಕೆಳಗೆ ತಿಳಿಯಾಗಿ ಇಳಿಯುತ್ತಿತ್ತು. “ಸುಟ್ಟಾಗ ಇದ್ದಿಲಿನ ಮೈಯೆಲ್ಲ ಕಣ್ಣಿಗೆ ಕಾಣದ ತೂತು ಬೀಳ್ತವೆ ಕಣೆ, ನೀರಿನ ಬಣ್ಣ ಹೋಗಿ ಅಲ್ಲಿ ಕೂತ್ಕಂತದೆ” ಎಂದು ಯಜಮಾನರು ಪಾಠ ಹೇಳಿದರು. ಮೇಷ್ಟರ ಹೆಂಡತಿಗೆ ಪಾಠ ತಪ್ಪಿದ್ದಲ್ಲ. ನಾನೂ ಒಲೆಯ ಮುಂದೆ ಕೂತು ಅದನ್ನು ಮನನ ಮಾಡಿದೆ. ನೀರಿನ ಕಂದು ಬಿಡುವುದಾದರೆ ಹಲ್ಲಿನ ಕಂದು ಯಾಕೆ ಬಿಡಬಾರದು? ಅವರ ಕರಟದ ಇದ್ದಿಲನ್ನೇ ಉಪ್ಪು, ಲವಂಗ ಸೇರಿಸಿ ನುಣ್ಣಗೆ ಅರೆದು, ಅವರು ತೊಳೆದ ಇದ್ದಿಲು ಇಡುವಂಥದೇ ಒಂದು ಡಬ್ಬಿಗೆ ತುಂಬಿ, ಬಚ್ಚಲ ಗೂಡಿನಲ್ಲಿ ಅದರ ಹಿಂದೆ ಇಟ್ಟೆ. ಅವರು ಮನೆಯಲ್ಲಿಲ್ಲದ ಹೊತ್ತು ನೋಡಿ ಒಸಡು ಉರಿಯುವವರೆಗೂ ಉಜ್ಜುತ್ತಿದ್ದೆ. ಗಂಡ ನನ್ನ ಹಲ್ಲನ್ನು ಸರಿಯಾಗಿ ನೋಡುವ ಮೊದಲೇ ಅದು ಬೆಳ್ಳಗಾಗಬೇಕು; ಇಷ್ಟೇ ನನ್ನ ಪ್ರಾರ್ಥನೆ.

ಒಂದು ಭಾನುವಾರ ಹೆಡ್‌ಮೇಷ್ಟರು ಹೆಂಡತಿಯ ಸಮೇತ ಸಮುದ್ರ ನೋಡಲು ಬಂದರು. ಇದ್ದಿಲಿನ ಮಹಿಮೆ ತೋರಿಸಬೇಕೆಂದು ಯಜಮಾನರು ಸಂಭ್ರಮದಿಂದ ಒಳಗೆ ಹೋಗಿ ಡಬ್ಬಿ ತಂದರು. ನಾನು ಕಾಫಿ ತಟ್ಟೆ ಹಿಡಿದು ಬಾಗಿಲಿಗೆ ಬಂದವಳು ನೋಡುತ್ತೇನೆ, ಅದು ನನ್ನ ಡಬ್ಬಿ. ಮುಚ್ಚಳ ತೆಗೆದ ಯಜಮಾನರು, “ಇದ್ಯಾವ ಪುಡಿ ಕಣೆ?” ಎಂದರು.

ಹಲ್ಲುಪುಡಿ ಎಂದು ಕನ್ನಡದಲ್ಲಿ ಹೇಳಲು ನನಗೆ ನಾಲಿಗೆ ಏಳಲಿಲ್ಲ. ಹೇಳಿದಂತೆಯೂ ಆಗಬೇಕು, ತೆಲುಗು ಅರಿಯದ ಗಂಡನಿಗೆ ತಿಳಿಯಲೂ ಬಾರದು ಎಂದು ನಮ್ಮ ಕಡೆಯ ತೆಲುಗಿನಲ್ಲಿ, “ಅದಿ ಪಳ್ಳ ಪೊಡಿ” ಎಂದೆ, ಸೆರಗಿನ ಒಳಗಿನಿಂದಲೇ. ತೆಲುಗಿನಲ್ಲಿ ಹಲ್ಲುಗಳಿಗೂ ಪಳ್ಳು, ಹಣ್ಣುಗಳಿಗೂ ಪಳ್ಳು. ಹೆಡ್‌ಮೇಷ್ಟರು ಪಾವಗಡದಲ್ಲಿ ಕೆಲಸ ಮಾಡಿ ಬಂದವರು, ತಮ್ಮ ತೆಲುಗಿನ ಮೇಲೆ ಅಭಿಮಾನ ಇದ್ದವರು.

“ಹಣ್ಣಿನ ಪುಡಿ ಅಂತಾರೆ ಕಣಯ್ಯ ನಿಮ್ಮನೆಯವ್ರು. ಮೀನು ತಿಂತವೆ, ನೀರಿಗೇ ಹಾಕು” ಎಂದು ಅಪ್ಪಣೆ ಕೊಟ್ಟರು.

ಯಜಮಾನರು ಹೆಡ್‌ಮೇಷ್ಟರ ಮಾತು ಮೀರಿದವರಲ್ಲ. ಒಂದು ಹಿಡಿ ಹಾಕಿದರು. ಸಮುದ್ರ ಮಸಿಕುಡಿಕೆಯಾಯಿತು. ಹವಳ ಮಾಯವಾಯಿತು. ಮೀನುಗಳು ಮೇಲೆ ಬಂದು ಬಾಯಿ ಬಿಡತೊಡಗಿದವು. ಹಣ್ಣು ಸಾಲದೆಂದು ತಿಳಿದ ಹೆಡ್‌ಮೇಷ್ಟರು, “ಇನ್ನೊಂದಿಷ್ಟು ಕೇಳ್ತಾವೆ ನೋಡು” ಎಂದರು. ಯಜಮಾನರ ಕೈ ಮತ್ತೆ ಡಬ್ಬಿಗೆ ಹೋಯಿತು.

ತಟ್ಟೆ ಕೆಳಗಿಟ್ಟೆ. ಸೆರಗು ಬಿಟ್ಟೆ. ಹಲ್ಲಿನ ಮೇಲೆ ಬೆರಳಿಟ್ಟು ಹೇಳಿದೆ: “ಹಣ್ಣಲ್ಲ ಸಾರ್, ಹಲ್ಲು. ನಾನು ಹಲ್ಲುಜ್ಜೋ ಪುಡಿ. ಉಪ್ಪೈತೆ ಅದ್ರಾಗೆ. ರೀ, ಬೇಗ ಮೀನು ಎತ್ರಿ.”

ಎಲ್ಲರೂ ಮೀನು ಬಿಟ್ಟು ನನ್ನ ಬಾಯಿ ನೋಡಿದರು. ನನ್ನ ಬದಲು ನೆಲವಾದರೂ ಬಾಯಿ ಬಿಡಬಾರದಿತ್ತೇ ಎನಿಸಿತು. ಯಜಮಾನರು ಮೊದಲು ಎಚ್ಚೆತ್ತು ಮೀನುಗಳನ್ನು ಕೊಳಗದ ನೀರಿಗೆ ದಾಟಿಸಿದರು. ಮೂರು ಬದುಕಿದವು. ಹೆಡ್‌ಮೇಷ್ಟರು ಕಾಫಿ ಕುಡಿಯುವಷ್ಟು ಹೊತ್ತೂ ತೆಲುಗಿನ ಸುದ್ದಿ ಎತ್ತಲಿಲ್ಲ.

ಅವರು ಹೋದ ಮೇಲೆ ನಾನು ಅಡಿಗೆಮನೆಯಲ್ಲಿ ಗೋಡೆಗೆ ಮುಖ ಮಾಡಿ ಅತ್ತೆ. ಯಜಮಾನರು ಮಸಿಗೈಯಲ್ಲೇ ಬಂದು ಪಕ್ಕಕ್ಕೆ ಕೂತರು.

“ನೀರಿನ ಬಣ್ಣ ನೀರ್ನಾಗೆ ಸುಮ್ನೆ ಓಡಾಡ್ಕಂಡಿರ್ತದೆ, ಇದ್ದಿಲು ಹಿಡ್ಕಂತದೆ. ನಿಮ್ಮೂರ ನೀರು ಹಲ್ಲು ಬೆಳೆಯೋವಾಗ್ಲೇ ಒಳಗೆ ಸೇರೈತೆ ಕಣೆ. ಹಿಂಗೆ ಉಜ್ಜಿದ್ರೆ ಹಲ್ಲೇ ಸವೀತದೆ.”

ನಾನು ಸೆರಗು ತೆಗೆಯಲಿಲ್ಲ. ಅವರು ಮಸಿಗೈಯನ್ನು ಪಂಚೆಗೆ ಒರೆಸಿಕೊಂಡು ಹೇಳಿದರು: “ನಿನ್ನ ನೋಡಾಕ್ ಬಂದಿದ್ವಲ್ಲ, ಅವತ್ತು ನಿಮ್ಮನೆ ಎಮ್ಮೆ ಹಗ್ಗದ ಸಮೇತ ನಿಮ್ಮಪ್ಪನ್ನ ಹಿತ್ಲಿಗೆ ಎಳ್ಕಂಡು ಹೋಯ್ತು. ನೀನು ಬಾಗಿಲ ಸಂದೀಲಿ ನಿಂತು ಬಾಯ್ತುಂಬ ನಗ್ತಿದ್ದೆ. ನಾನು ಒಪ್ಕಂಡಿದ್ದು ಆಗ್ಲೇ.”

ಇದನ್ನು ಕೇಳಿ ನನಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ, ನಾಚಿಕೆ ಇನ್ನಷ್ಟು ಹೆಚ್ಚಾಯಿತು. ಮೊದಲ ದಿನವೇ ನೋಡಿ ಮೆಚ್ಚಿದವರ ಮುಂದೆ ತುಟಿ ಬಿಗಿಹಿಡಿದು ಸಂಸಾರ ಮಾಡಿದ್ದೆನಲ್ಲ. ತೊಟ್ಟಿಯ ಮೀನುಗಳು ಜನ ಬಂದರೆ ಹವಳದ ಹಿಂದೆ ಹೋಗಿ ಅಡಗಿ ನಿಲ್ಲುತ್ತವೆ. ಆ ಕಡೆಯೂ ಗಾಜೇ ಎಂದು ಅವಕ್ಕೆ ಯಾರು ಹೇಳಬೇಕು? ನನಗಾದರೋ ಹೇಳುವವರೊಬ್ಬರು ಇದ್ದರು.